ಕಾರಿಗಿಂತ ಮುಂಚೆ ಬಂದ ಸುದ್ದಿ

ನಾವು ಪತ್ರಿಕೋದ್ಯಮ ಓದಿದವರು ಅಂತ ಗೊತ್ತಾದ ಮೇಲೆ ಊರಲ್ಲಿ ನಮಗೊಂದು ಹೊಸ ಕೆಲಸ ಸಿಕ್ಕಿದೆ. ಕಂಡವರೆಲ್ಲ ಫೋನು ಮುಂದೆ ಹಿಡಿದು, "ಇದು ಖರೇನಾ ನೋಡ್ರಿ" ಅಂತಾರೆ. ಎಲ್ಲಿಂದ ಬಂತು ಅಂದರೆ, "ನಮ್ಮ ಮಾಸ್ತರೇ ಕಳಿಸ್ಯಾರ, ಸುಳ್ಳು ಹೆಂಗಿರ್ತದ?" ಅನ್ನುವ ಉತ್ತರ.

ತೊಡಕು ಇರುವುದು ಇಲ್ಲೇ. ಮಾಸ್ತರು ಒಳ್ಳೆಯವರೇ. ಆದರೆ ಸುದ್ದಿ ಅವರು ಕಣ್ಣಾರೆ ಕಂಡದ್ದಲ್ಲ, ಅವರಿಗೂ ಯಾರೋ ಕಳಿಸಿದ್ದು. ಮನುಷ್ಯನ ಮೇಲಿನ ನಂಬಿಕೆಯನ್ನು ನಾವು ಮೆಸೇಜಿಗೆ ದಾಟಿಸಿಬಿಡುತ್ತೇವೆ.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೋ ನಮ್ಮ ಫೋನುಗಳಿಗೂ ಬಂದಿತ್ತು. ಬೈಕಿನಲ್ಲಿ ಬಂದ ಇಬ್ಬರು, ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಪೋಷಕರ ಎಚ್ಚರಿಕೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಆ ಇಬ್ಬರೇ ಮಗುವನ್ನು ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನೇ ಕತ್ತರಿಸಿದ್ದರು.

ಅದೇ ಜುಲೈನಲ್ಲಿ ಗೆಳೆಯರ ಗುಂಪೊಂದು ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿತ್ತು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅನುಮಾನ ಹುಟ್ಟಿತು, ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಓಡಿತು. ಕಾರು ಮುರ್ಕಿ ಮುಟ್ಟುವ ಮುಂಚೆಯೇ ಸುದ್ದಿ ಮುಟ್ಟಿತ್ತು, ಜನ ದಾರಿ ಕಟ್ಟಿದ್ದರು. ಹೊಡೆತಕ್ಕೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಗಾಯವಾಯಿತು. ಯಾವ ಮಗುವೂ ಕಳುವಾಗಿರಲಿಲ್ಲ.

ಹೊಡೆದವರೂ ನಮ್ಮಂಥ ಹಳ್ಳಿಯವರೇ, ಮಕ್ಕಳಿದ್ದವರೇ. ಅದಕ್ಕೇ ಈ ಘಟನೆ ನಮ್ಮನ್ನು ಬಿಡುವುದಿಲ್ಲ. ಅಂದು "ಯಾವ ಊರಿನ ಮಗು? ಯಾರ ಮನೆಯದು?" ಅಂತ ಒಂದು ಫೋನು ಮಾಡಿದ್ದರೆ ಸಾಕಿತ್ತು.

ಈಗ ನಮ್ಮ ಹತ್ತಿರ ಫೋನು ತಂದವರಿಗೆ ನಾವು ಮೂರು ಮಾತು ಹೇಳುತ್ತೇವೆ. ಮೊದಲು, ಮೆಸೇಜಿನ ಮೇಲೆ ಜೋಡಿ ಬಾಣದ ಗುರುತಿದೆಯೇ ನೋಡಿ. ಇದ್ದರೆ ಅದು ಕನಿಷ್ಠ 5 ಕೈ ದಾಟಿ ಬಂದದ್ದು. ಎರಡನೆಯದು, ಊರು, ತಾರೀಕು, ಹೆಸರು ಇದೆಯೇ ಹುಡುಕಿ. "ನಿನ್ನೆ ಪಕ್ಕದ ಊರಲ್ಲಿ" ಅಂದರೆ ಯಾವ ನಿನ್ನೆ, ಯಾವ ಊರು? ಫೋಟೋ ಇದ್ದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ, ಹಳೆಯದಾಗಿದ್ದರೆ ಬಹಳ ಸಲ ಅಲ್ಲೇ ತಿಳಿಯುತ್ತದೆ. ಮೂರನೆಯದು, ಕಳಿಸಿದವರಿಗೇ ಕೇಳಿ: "ನೀವು ನೋಡಿದ್ರಾ, ನಿಮಗೂ ಬಂದದ್ದಾ?" ಇದು ಜಗಳದ ಮಾತಲ್ಲ. ಸಂತೆಯಲ್ಲಿ ಬೀಜ ಕೊಳ್ಳುವಾಗ ಅಂಗೈ ಮೇಲೆ ಹಾಕಿ ನೋಡುವುದಿಲ್ಲವೇ, ಹಾಗೆ.

ನಿಜವಾಗಿಯೂ ಮಗು ಅಪಾಯದಲ್ಲಿದೆ ಅನಿಸಿದರೆ 112ಕ್ಕೋ 1098ಕ್ಕೋ ಕರೆ ಮಾಡಿ. ಗ್ರೂಪಿಗೆ ಹಾಕಿದರೆ ಗುಂಪು ಬರುತ್ತದೆ. ಗುಂಪು ಪ್ರಶ್ನೆ ಕೇಳುವುದಿಲ್ಲ.