ಶಿಕಾರಿಪುರ–ಸೊರಬ ಬಸ್ ಡೈರಿ 6: ಅಜ್ಜನ ಪಹಣಿ

ಸೊರಬದ ನಮ್ಮಜ್ಜ ಮೊದಲೆಲ್ಲ ಒಂದು ಪಹಣಿಗೆ ಗ್ರಾಮ ಲೆಕ್ಕಿಗರ ಹಿಂದೆ ಅಲೀತಿದ್ರು. 2000ರ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿ ಕಂಪ್ಯೂಟರಿಗೆ ಹೋಯ್ತು. ಈಗ ಶಿಕಾರಿಪುರದ ಹಾಸ್ಟೆಲಲ್ಲಿ ಕೂತು ನಾನೇ ಮೊಬೈಲಲ್ಲಿ ನೋಡ್ತೀನಿ.

ಆದ್ರೆ ಸರ್ವೆ ನಂಬರ್ ಗೊತ್ತಿದ್ರೆ ಯಾರು ಬೇಕಾದ್ರೂ ನೋಡಬಹುದು: ಹೆಸರು, ಎಕರೆ-ಗುಂಟೆ, ಜಮೀನಿನ ಮೇಲಿನ ಸಾಲ. ಅಕ್ಕನ ಮದುವೆ ಮಾತಿಗೆ ಬಂದವರು ಕಾಫಿ ಕುಡಿಯೋ ಮೊದಲೇ ಅಜ್ಜನ ಸಾಲ ಎತ್ತಿದ್ರು. ಅಜ್ಜ ಸುಮ್ಮನೆ ಎಲೆ-ಅಡಿಕೆ ಡಬ್ಬಿ ಮುಚ್ಚಿದ್ರು.

ಹಾಗಂತ ಪಹಣಿ ಗುಟ್ಟಾಗಿಟ್ರೆ ಜಮೀನು ಕೊಳ್ಳೋರಿಗೆ ಮೋಸ ಆಗುತ್ತೆ. ಡಿಜಿಲಾಕರಲ್ಲಿರೋ ನಮ್ಮ ಮಾರ್ಕ್ಸ್ ಕಾರ್ಡ್ ಥರ ಬೀಗ ಹಾಕೋಕಾಗಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂದಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಲ್ಲೇ.

ನನ್ನ ಆಸೆ ಇಷ್ಟೇ: ಪಹಣಿ ತೆರೆದೇ ಇರಲಿ, ಯಾರು ನೋಡಿದ್ರು ಅಂತ ಅಜ್ಜನ ಫೋನಿಗೂ ಒಂದು ಮೆಸೇಜ್ ಬರಲಿ. ನೀವೇನಂತೀರಾ?