ಡಬ್ಬನೇ ಸೊಟ್ಟಗಿದ್ರೆ?

ಮೂರು ವರ್ಷದ ಹಿಂದೆ ನಮ್ಮ ಕಡೆ ಒಂದು ಸಕ್ಕರೆ ಕಾರ್ಖಾನೆ ಮುಂದೆ ರೈತರು ಧರಣಿ ಕೂತಿದ್ದರು. ರಿಕವರಿ ಕಮ್ಮಿ ತೋರಿಸ್ತಾರೆ ಅನ್ನೋದು ದೂರು. ಪತ್ರಕರ್ತರನ್ನು ಲ್ಯಾಬಿಗೆ ಕರೆದು ಪೋಲಾರಿಮೀಟರ್ ತೋರಿಸಿದರು. ಕೊಳವೆಯಲ್ಲಿ ತಿಳಿ ಮಾಡಿದ ಕಬ್ಬಿನ ಹಾಲು. ಒಂದೇ ದಿಕ್ಕಿನಲ್ಲಿ ಅಲುಗುವಂತೆ ಸೋಸಿದ ಬೆಳಕನ್ನು ಅದರೊಳಗೆ ಹಾಯಿಸಿದರೆ, ಸಕ್ಕರೆ ಆ ದಿಕ್ಕನ್ನು ಬಲಕ್ಕೆ ತಿರುಗಿಸುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ತಿರುವು ಹೆಚ್ಚು. ಅವರು ಕೊಟ್ಟ ಅಂಕಿಯನ್ನೇ ಬರೆದು ಕಳಿಸಿದೆ.

ಮಾರನೇ ದಿನ ಪೇಪರ್ ಹಿಡಿದು ಬಂದ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: "ಆ ಡಬ್ಬನೇ ಸೊಟ್ಟಗಿದ್ರೆ ಏನ್ಲಾ ಗತಿ? ಕೇಳಿದ್ಯಾ?"

ಕೇಳಿರಲಿಲ್ಲ. ಆಮೇಲೆ ಚಿಕ್ಕಪ್ಪ ಎರಡು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಇದೇ ಪ್ರಶ್ನೆ ಆಕಾಶ ನೋಡುವವರನ್ನೂ ಕಾಡಿದೆ ಅಂತ ಗೊತ್ತಾಗಿದ್ದು ಈಚೆಗೆ. ವಿಶ್ವ ಹುಟ್ಟಿ ಸುಮಾರು 3.8 ಲಕ್ಷ ವರ್ಷಕ್ಕೆ ಹೊರಟ ಬೆಳಕು ಹತ್ತಿರ ಹತ್ತಿರ 1,380 ಕೋಟಿ ವರ್ಷ ನಡೆದು ಈಗ ನಮಗೆ ಮುಟ್ಟುತ್ತಿದೆ. ಅದನ್ನು ಅಳೆಯಲು ಯುರೋಪಿನವರು 2009ರಲ್ಲಿ ಪ್ಲಾಂಕ್ ಉಪಗ್ರಹ ಹಾರಿಸಿದರು. ಆ ಬೆಳಕಿಗೂ ಒಂದು ಅಲುಗುವ ದಿಕ್ಕಿದೆ. ದಾರಿಯುದ್ದಕ್ಕೂ ಊಹೆಗೂ ಸಿಗದಷ್ಟು ಹಗುರವಾದ ಆಕ್ಸಿಯಾನ್ ಜಾತಿಯ ಕಣಗಳು ತುಂಬಿದ್ದರೆ, ಕಬ್ಬಿನ ಹಾಲಿನಲ್ಲಿ ಆದ ಹಾಗೆ ಆ ದಿಕ್ಕು ಚೂರು ತಿರುಗಬೇಕು. ಕಣವನ್ನು ಯಾರೂ ಕಂಡಿಲ್ಲ. ಹೆಸರು ಮಾತ್ರ ಇದೆ, ಅದೂ ವಿಜ್ಞಾನಿ ಫ್ರಾಂಕ್ ವಿಲ್ಚೆಕ್ ಬಟ್ಟೆ ಒಗೆಯುವ ಪುಡಿಯೊಂದರಿಂದ ತೆಗೆದುಕೊಂಡ ಹೆಸರು!

2020ರಲ್ಲಿ ಯೂಟೊ ಮಿನಾಮಿ, ಏಇಚಿರೊ ಕೊಮಾತ್ಸು ಇಬ್ಬರೂ ಪ್ಲಾಂಕ್ ಲೆಕ್ಕ ತೆಗೆದು 0.35 ಡಿಗ್ರಿ ತಿರುವಿದೆ ಅಂದರು. ಗಡಿಯಾರದ ನಿಮಿಷದ ಮುಳ್ಳು ಮೂರೂವರೆ ಸೆಕೆಂಡಲ್ಲಿ ಸರಿಯುವಷ್ಟು. ಇಷ್ಟು ಸಣ್ಣದಕ್ಕೆ ಉಪಗ್ರಹದ ಸಾಧನವೇ ಒಂಚೂರು ವಾಲಿ ಕೂತಿದ್ದರೂ ಸಾಕು. ಅದಕ್ಕೆ ಅವರು ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ನಮ್ಮ ಆಕಾಶಗಂಗೆಯ ಧೂಳಿನಿಂದಲೂ ಬೆಳಕು ಬರುತ್ತದೆ. ಅದು ಪಕ್ಕದ ಮನೆಯ ಬೆಳಕು, ತಿರುಗುವಷ್ಟು ದೂರ ನಡೆದಿಲ್ಲ. ಅದರಲ್ಲೂ ವಾಲಿಕೆ ಕಂಡರೆ ತಪ್ಪು ಡಬ್ಬದ್ದು. ಅದನ್ನು ಕಳೆದ ಮೇಲೆ ಹಳೆ ಬೆಳಕಿನಲ್ಲಿ ಉಳಿದದ್ದು ಆಕಾಶದ್ದು.

ಆದರೂ ಅವರು ಗೆದ್ದೆವು ಅನ್ನಲಿಲ್ಲ. 0.14 ಡಿಗ್ರಿ ಹೆಚ್ಚುಕಮ್ಮಿ ಇರಬಹುದು ಅಂತ ಪಕ್ಕದಲ್ಲೇ ಬರೆದರು. ಧೂಳಿನ ಬೆಳಕಿಗೇ ತನ್ನದೊಂದು ಸೊಟ್ಟ ಇದ್ದರೆ ಲೆಕ್ಕ ಕೆಡುತ್ತದೆ. ಆ ಚರ್ಚೆ ಈಗಲೂ ನಡೆದಿದೆ.

ಸಕ್ಕರೆ ಲ್ಯಾಬಿಗೂ ಇಂಥ ಉಪಾಯ ಇದೆ. ಬೆಳಕನ್ನು ಎಷ್ಟು ತಿರುಗಿಸುತ್ತದೆ ಅಂತ ಮೊದಲೇ ಗೊತ್ತಿರುವ ಕ್ವಾರ್ಟ್ಜ್ ಬಿಲ್ಲೆ ಇಟ್ಟು ಯಂತ್ರ ಸರಿಯಿದೆಯಾ ನೋಡುವುದು. ಹೋದ ವಾರ ಅದೇ ಕಾರ್ಖಾನೆಗೆ ಹೋಗಿ, ಬಿಲ್ಲೆ ಇಟ್ಟು ನೋಡಿದ್ದು ಕೊನೆಯ ಸಲ ಯಾವಾಗ ಅಂತ ಕೇಳಿದೆ. ರಿಜಿಸ್ಟರ್ ಒಳಗಿದೆ, ಸೋಮವಾರ ಬನ್ನಿ ಅಂದರು. ಚಿಕ್ಕಪ್ಪನಿಗೆ ಹೇಳಿದ್ದಕ್ಕೆ, "ನಾನೂ ಬತ್ತೀನಿ, ಗಾಡಿ ತಗಂಡ್ ಬಾ" ಅಂದ.