ಅರಸೀಕೆರೆಯಲ್ಲಿ ಹುಟ್ಟಿದ ಕೀಲಿ

ಹುಬ್ಬಳ್ಳಿಯಿಂದ ಹೊರಟ ರೈಲು ಅರಸೀಕೆರೆ ಮುಟ್ಟಿದಾಗ ಇನ್ನೂ ನಸುಕು. ಎತ್ತ ನೋಡಿದರೂ ತೆಂಗು! ಜೋಳದ ಹೊಲ ನೋಡಿ ಬೆಳೆದ ನನಗೆ ಕತ್ತೆತ್ತಿ ನೋಡುವುದೇ ಕೆಲಸವಾಯಿತು. ಜೊತೆಗಿದ್ದ ಅಣ್ಣನ ಮಗಳಿಗೆ ಅದಾವುದೂ ಬೇಡ. ರಜೆ ಸಿಕ್ಕರೂ ಕೆಲಸ ಬೆನ್ನು ಬಿಟ್ಟಿರಲಿಲ್ಲ. ಮುಂಬೈಯಲ್ಲಿ ಒಂದು ಕ್ಲೌಡ್ ಸರ್ವರ್ ಎಬ್ಬಿಸಬೇಕಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೇ ಲ್ಯಾಪ್‌ಟಾಪ್ ಬಿಚ್ಚಿದಳು.

"ಕಾಕಾ, ಇಲ್ಲಿ ನೋಡ್ರಿ." ಕಪ್ಪು ಪರದೆಯ ಮೇಲೆ ‘ಎಸ್‌ಎಸ್‌ಎಚ್-ಕೀಜೆನ್’ ಎಂದು ಟೈಪಿಸುತ್ತಾಳೆ. ರೆಪ್ಪೆ ಬಡಿಯುವಷ್ಟರಲ್ಲಿ ಎರಡು ಫೈಲು ಹುಟ್ಟುತ್ತವೆ. ಒಂದು ಗುಟ್ಟಿನ ಕೀಲಿ, ಈ ಲ್ಯಾಪ್‌ಟಾಪ್ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಇನ್ನೊಂದು ಒಂದೇ ಸಾಲಿನ ಬಹಿರಂಗ ಕೀಲಿ, ಊರಿಗೆಲ್ಲ ತೋರಿಸಿದರೂ ಚಿಂತೆಯಿಲ್ಲ. ಆ ಸಾಲು ಸರ್ವರಿನ ‘ಆಥರೈಸ್ಡ್ ಕೀಸ್’ ಫೈಲಿಗೆ ಹೋಗಿ ಕೂರುತ್ತದೆ. ಗುಟ್ಟಿನದಕ್ಕೆ ಮೇಲೊಂದು ಪಾಸ್‌ಫ್ರೇಸ್: ಲ್ಯಾಪ್‌ಟಾಪೇ ಕಳುವಾದರೂ ಕಳ್ಳನಿಗೆ ದಕ್ಕಬಾರದಲ್ಲ! ಅಷ್ಟರಲ್ಲಿ ಚಹಾ ಆರಿತ್ತು.

ಊರೊಳಗಿನ ಶಿವಾಲಯಕ್ಕೆ ಒಂದು ಸುತ್ತು ಹಾಕಿದೆವು. 1220ರ ಸುಮಾರಿನ ಗುಡಿ. ಎದುರಿನ ಮಂಟಪವೂ ನಕ್ಷತ್ರದ ಆಕಾರ, ಮೇಲೊಂದು ಗುಮ್ಮಟ! ನಮ್ಮ ಹುಬ್ಬಳ್ಳಿ ಉಣಕಲ್ಲಿನ ಚಂದ್ರಮೌಳೇಶ್ವರನ ಗುಡಿಗೆ ಇಂಥ ಶೋಕಿ ಇಲ್ಲ. ನೋಡುವವರು ಮಾತ್ರ ನಾವಿಬ್ಬರೇ.

ಬಾಣಾವರ ದಾಟಿ ಜಾವಗಲ್. ಕ್ರಿಕೆಟಿಗ ಜಾವಗಲ್ ಶ್ರೀನಾಥರ ಬೌಲಿಂಗಿನ ವೇಗ ನಮ್ಮ ಬಸ್ಸಿಗೆ ಬಂದಿರಲಿಲ್ಲ.

ಹಳೇಬೀಡಿನಲ್ಲಿ ಬರಿಗಾಲಿಗೆ ಕಾದ ಕಲ್ಲು. ಕುಣಿಯುತ್ತಲೇ ಹೊಯ್ಸಳೇಶ್ವರನ ಸುತ್ತ ನಡೆದೆ: ಆನೆ, ಕುದುರೆ, ಹಂಸ, ಸಾಲಿನ ಮೇಲೆ ಸಾಲು. ಅವಳು ದ್ವಾರಸಮುದ್ರದ ಕೆರೆಯ ಕಡೆ ಮರದ ನೆರಳು ಹಿಡಿದು ಮತ್ತೆ ಲ್ಯಾಪ್‌ಟಾಪ್ ತೆರೆದಳು. ಮೊದಲ ಸಲ ಸರ್ವರಿಗೆ ಹೋಗುವಾಗ ಅದು ತನ್ನ ಬೆರಳಚ್ಚು ತೋರಿಸುತ್ತದೆ, ಅರ್ಥವಿಲ್ಲದ ಉದ್ದನೆಯ ಅಕ್ಷರಮಾಲೆ. ಒಪ್ಪಿಗೆಯೇ ಎಂದು ಕೇಳುತ್ತದೆ. ಹೆಚ್ಚಿನವರು ನೋಡದೆ ‘ಯೆಸ್’ ಒತ್ತುತ್ತಾರಂತೆ. ಇವಳು ಕ್ಲೌಡ್ ಕಂಪನಿಯ ಪುಟದಲ್ಲಿದ್ದ ಬೆರಳಚ್ಚಿನ ಜೊತೆ ಅಕ್ಷರಕ್ಷರ ತಾಳೆ ನೋಡಿಯೇ ಒಪ್ಪಿದಳು. ನಡುವೆ ಬೇರೆ ಯಾರೋ ಸರ್ವರಿನ ವೇಷ ಹಾಕಿ ನಿಂತಿದ್ದರೆ?

ಒಳಹೊಕ್ಕು ಲಾಗ್ ತೆರೆದಳು. ನಾನು ಬೆಚ್ಚಿದೆ! ಬೆಳಿಗ್ಗೆ ಹುಟ್ಟಿದ ಸರ್ವರಿನ ಬಾಗಿಲನ್ನು ಎಲ್ಲೆಲ್ಲಿಯವರೋ ಆಗಲೇ ಬಡಿಯುತ್ತಿದ್ದಾರೆ. ರೂಟ್, ಅಡ್ಮಿನ್, ಟೆಸ್ಟ್ ಎಂಬ ಹೆಸರುಗಳು, ಊಹೆಯ ಪಾಸ್‌ವರ್ಡುಗಳು. ಮನುಷ್ಯರಲ್ಲ, ಹಗಲುರಾತ್ರಿ ಇದನ್ನೇ ಮಾಡುವ ಪ್ರೋಗ್ರಾಮುಗಳು. 1311ರಲ್ಲಿ ದೆಹಲಿಯಿಂದ ದಾಳಿಗೆ ಬಂದ ಮಲಿಕ್ ಕಾಫರನ ದಂಡು ಕಂಡ ಊರಿನಲ್ಲಿ ಕೂತು ಇದನ್ನು ನೋಡುವುದೇ ಒಂದು ಮಜಾ. ಅವಳು ನಕ್ಕು ಪಾಸ್‌ವರ್ಡ್ ಲಾಗಿನ್ನನ್ನೇ ಬಂದ್ ಮಾಡಿದಳು. ಆದರೆ ತೆರೆದ ಕಿಟಕಿ ಮುಚ್ಚದೆ, ಇನ್ನೊಂದರಲ್ಲಿ ಕೀಲಿಯಿಂದ ಒಳಹೋಗಲು ಬರುತ್ತದೆಂದು ಖಾತ್ರಿಯಾದ ಮೇಲೇ ಮೊದಲನೆಯದನ್ನು ಬಿಟ್ಟಳು. ಈ ಜಾಣತನ ನನಗೆ ತುಂಬ ಹಿಡಿಸಿತು.

ದೂರದ ಸರ್ವರಿಗೆ ಗುಟ್ಟಾಗಿ ಹೋಗುವ ದಾರಿಯಾದ ಈ ಎಸ್‌ಎಸ್‌ಎಚ್ ಹುಟ್ಟಿದ್ದೂ ಕಳ್ಳತನದಿಂದಲೇ. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದಾಲಿಸಿದರು. ಅಲ್ಲಿದ್ದ ಟಾಟು ಯ್ಲೋನೆನ್ ಇದನ್ನು ಬರೆದರು. ಅದುವರೆಗೆ ಇದೇ ಕೆಲಸಕ್ಕೆ ಬಳಸುತ್ತಿದ್ದ ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಇದ್ದಂತೆಯೇ ತಂತಿಯ ಮೇಲೆ ಬತ್ತಲೆ ಹೋಗುತ್ತಿತ್ತು.

ಬೇಲೂರಿಗೆ ಬಂದಾಗ ಬಿಸಿಲು ಇಳಿದಿದೆ. 1117ರ ಚೆನ್ನಕೇಶವ, 2023ರಿಂದ ಯುನೆಸ್ಕೋ ಪಟ್ಟಿಯಲ್ಲಿ. ಗೈಡ್ ಟಾರ್ಚ್ ಹಿಡಿದು ಮದನಿಕೆಯರನ್ನು ಒಬ್ಬೊಬ್ಬಳಾಗಿ ಪರಿಚಯಿಸುತ್ತಾರೆ. ಕೆತ್ತಿದವರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನೂ ಕಲ್ಲಲ್ಲಿ ಬಿಟ್ಟಿದ್ದಾರೆ.

"ಗುಟ್ಟಿನ ಕೀಲಿ ಕಳಿಸೂದೇ ಇಲ್ಲ ಅಂದ್ರ ಸರ್ವರ್ ನಂಬೂದು ಹೆಂಗ?" ಎಂದೆ. ಪ್ರತಿ ಸಲದ ಸಂಪರ್ಕಕ್ಕೂ ಹೊಸ ಗುರುತೊಂದು ಹುಟ್ಟುತ್ತದೆ, ಗುಟ್ಟಿನ ಕೀಲಿ ಅದರ ಮೇಲೆ ಸಹಿ ಹಾಕುತ್ತದೆ, ಸರ್ವರ್ ಬಹಿರಂಗ ಕೀಲಿಯಿಂದ ಸಹಿ ಪರೀಕ್ಷಿಸುತ್ತದೆ ಎಂದಳು. ಹೋಗುವುದು ಸಹಿ ಮಾತ್ರ. ದಾಸೋಜನ ಹೆಸರು ಯಾರಾದರೂ ಓದಬಹುದು, ಉಳಿ ಹಿಡಿದ ಕೈ ಅವನದೇ.

ಗೈಡೂ ಕಿವಿಗೊಟ್ಟಿದ್ದರು. "ಕೀ ಕಳ್ಕೊಂಡ್ರೆ ಏನ್ ಮಾಡ್ತೀರಮ್ಮ?"

"ಸರ್ವರಿನ್ಯಾಗ ಆ ಸಾಲು ಅಳಿಸಿ ಹೊಸಾದು ಹಾಕೂದ್ರಿ. ಅದಕ್ಕ ಮನ್ಯಾಗಿನ ಕಂಪ್ಯೂಟರಿನ ಕೀನೂ ಮೊದಲೇ ಸೇರಿಸೀನಿ."

ಅವರು ತಲೆದೂಗಿ ತಮ್ಮ ಕ್ಯೂಆರ್ ಕೋಡ್ ಮುಂದೆ ಹಿಡಿದರು. ನನ್ನ ಫೋನಿಗೆ ಸಿಗ್ನಲ್ ಇಲ್ಲ. ಹಣ ಅವಳೇ ಕೊಟ್ಟಳು.